ಎಂಟನೆಯ ಮನೆ

ಫೋನಿನ ಆಚೆ ತುದಿಯ ಸರ್ಕಾರ ಹೂಂ ಎನ್ನುವವರೆಗೆ
ಆರ್ಲೋ ಬ್ಯಾಕನ್‌ನ ಅಂಗಡಿಯಲ್ಲಿ, ಗಾಜಿನ ಕಪಾಟಿನೊಳಗಿನ
ಮೀನುಗಾಳಗಳನ್ನು ಎಣಿಸುತ್ತ ನಿಂತಿದ್ದೆ. ನಲವತ್ತೊಂದು.
ಆಮೇಲೆ ನೀಲಿ ಪೆಟ್ಟಿಗೆ ನನ್ನ ಕೈಗೆ ಬಂತು:
ಹನ್ನೊಂದು ಪಿಯಾನೋಗಳ ಶ್ರುತಿಗೂಲಿ,
ಅದರಲ್ಲಿ ಎರಡು ಚರ್ಚಿನವು, ಅರ್ಧ ದರದವು.

ಮೈನಾಟಿನಲ್ಲಿ ಅಂದು ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಟ್ರಕ್ಕಿನ ಚಳಿಯಿಂದ ಅಡಿಗೆಮನೆಯ ಮೇಜಿಗೆ ಬಂದ ಉಕ್ಕು
ಬೆವರಿತು, ನನಗಿಂತ ಮೊದಲೇ.
ಹಳೇ ಟವೆಲಿನಲ್ಲಿ ತಟ್ಟೆ ಒರೆಸಿದ ಹಾಗೆ ಒರೆಸಿದೆ,
ಯಾವ ಅಂಚಿನಲ್ಲಾದರೂ ಮುಕ್ಕು ಸಿಕ್ಕೀತೇ ಎಂದು.

ಸಿಗಲಿಲ್ಲ.
ಉರುಳೆ ಹೊರಗೆ ತೆರೆದೆ. ಎಂಟು ಮನೆ, ಎಂಟೂ ಖಾಲಿ;
ಒಂದೊಂದರ ಹೊಸ್ತಿಲನ್ನೂ ಸವರಿ ಇಳಿಜಾರು ಮಾಡಿದ್ದಾರೆ,
ಗಡಿಯಾರದ ಬೀಪು ಕೇಳಿ ಓಡಿಬರುವ ಗುಂಡು ಎಡವದಂತೆ.
ನಳಿಗೆಯ ತುದಿಯಲ್ಲಿ ಕಿತ್ತಳೆ ಚುಕ್ಕಿ,
ಅರವತ್ತು ದಾಟಿದ ನನ್ನ ಕಣ್ಣಿಗೂ ಕಾಣುವಷ್ಟು ನಾಚಿಕೆಗೆಟ್ಟದ್ದು.
ಹಿಡಿ ಮಾತ್ರ ಯಾವನೋ ದಾಂಡಿಗನ ಅಂಗೈ ಅಳತೆಗೆ. ಬದಲಿಸಬೇಕು.
ಪೆಟ್ಟಿಗೆಯ ತಳದಲ್ಲಿ ಒಂದು ಚೀಟಿ: ಪರೀಕ್ಷಿಸಿದವರು, ಕೆ. ವಿ.
ಕೆ. ವಿ. ಗಂಡೋ ಹೆಣ್ಣೋ, ಅವತ್ತು ಶುಕ್ರವಾರದ ಸಂಜೆಯೋ,
ಊಟದ ಗಂಟೆಗೆ ಐದು ನಿಮಿಷ ಉಳಿದಿತ್ತೋ, ಬರೆದಿಲ್ಲ.

ಹುಸಿಗುಂಡು ತುಂಬಿ, ನೆಲಮಾಳಿಗೆಯ ಗೋಡೆಗೆ ತಿರುಗಿ
ಕುದುರೆ ಎಳೆದೆ.

ಹಾಲ್ವರ್ ಸ್ಕೋಗ್ ನನಗೆ ಕೊಟ್ಟ ಹಳೆಯದರ ಕುದುರೆ
ಮುಕ್ಕಾಲು ದಾರಿ ಬಂದು, ಹಳ್ಳ ಕಂಡ ಹಾಗೆ ನಿಲ್ಲುತ್ತಿತ್ತು.
ಮೂರು ಚಳಿಗಾಲ ಸಾಣೆಕಲ್ಲು ಹಿಡಿದು
ಅವನು ಆ ಹಳ್ಳ ತುಂಬಿಸಿದ; ಪೂರ್ತಿ ತುಂಬಲಿಲ್ಲ.
ಅದರ ಅಂಚಿನಲ್ಲೇ ನಾನು ಉಸಿರು ಹಿಡಿಯಲು ಕಲಿತದ್ದು,
ಅಲ್ಲೇ ಕೊನೆಯ ಸಲ ಗುರಿ ನೋಡಲು.
ಇದರಲ್ಲಿ ಹಳ್ಳವೇ ಇಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ
ಎಲ್ಲಿ ಶುರು, ಎಲ್ಲಿ ಮುಗಿಯಿತು ತಿಳಿಯುವ ಮೊದಲೇ
ಟಕ್.
ಖುಷಿಯಾಗಬೇಕಿತ್ತು.
ಬಾಡಿಗೆ ಮನೆಯ ಮೊದಲ ರಾತ್ರಿ ಕತ್ತಲಲ್ಲಿ
ಸ್ವಿಚ್ಚಿಗೆಂದು ತಪ್ಪು ಗೋಡೆ ತಡಕುವ ಹಾಗೆ
ಬೆರಳು ಹಳೆಯ ಹಳ್ಳವನ್ನೇ ಹುಡುಕುತ್ತಿತ್ತು.

ಎಂಬತ್ತೆಂಟು ಸಲ ಎಳೆದೆ, ಹನ್ನೊಂದು ಸುತ್ತು. ಕಸುಬಿನ ಚಾಳಿ:
ಯಾವ ವಾದ್ಯವನ್ನೂ ಕೊನೆಯ ಮನೆಯವರೆಗೆ ಕೇಳದೆ ಬಿಟ್ಟವಳಲ್ಲ.
ಏಳರ ಟಕ್ಕೂ ಒಂದೇ ಶ್ರುತಿ. ಎಂಟನೆಯದು
ಕೂದಲೆಳೆಯಷ್ಟು ತಡ, ಕೂದಲೆಳೆಯಷ್ಟು ಕೆಳಗೆ.
ಎಲ್ಲಿಂದ ಎಣಿಸಿದರೆ ಎಂಟನೆಯದು?
ನಾನು ಮೊದಲು ಮುಟ್ಟಿದ ಮನೆಯಿಂದ.

ಸಾಣೆಕಲ್ಲು ತೆಗೆದಿಟ್ಟುಕೊಂಡು ಹಾಲ್ವರ್‌ಗೆ ಫೋನು ಮಾಡಿದೆ.
ಕೈ ನಡುಗುತ್ತದೆಂದು ಅವನು ಪಂದ್ಯ ಬಿಟ್ಟು ನಾಲ್ಕು ವರ್ಷ,
ಈಗ ಚಮಚೆಯೂ ಅವನಿಗೆ ಚಲಿಸುವ ಗುರಿ.
“ವರ್ಣನೆ ಬೇಡ, ಕೇಳಿಸು” ಎಂದ.
ಫೋನನ್ನು ಒಗೆಯುವ ಯಂತ್ರದ ಮೇಲಿಟ್ಟು ಒಂದು ಸುತ್ತು ಎಳೆದೆ.
ಆ ಕಡೆ ಅವನ ಆಮ್ಲಜನಕದ ಯಂತ್ರ ಉಸಿರಾಡುತ್ತಿತ್ತು.
“ಕೊನೆಯದು” ಎಂದ.
“ಹೂಂ. ಉಜ್ಜಲೇ?”
ಹೊಸತರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆಯುವಂಥ
ನನ್ನ ಆತುರ ಅವನಿಗೆ ಗೊತ್ತು.
“ಕಲ್ಲು ಒಳಗಿಡು. ಸಾವಿರ ಗುಂಡು ಹೊಡಿ.
ಆಮೇಲೆ ಹೇಳು, ಅದು ತಡವೋ
ಉಳಿದ ಏಳಕ್ಕೆ ಅವಸರವೋ.”

ಶನಿವಾರ ಪಂದ್ಯ. ಇನ್ನೂ ಒಂದು ಗುಂಡೂ ಹಾರಿಸಿಲ್ಲ.
ಆರಕ್ಕೇ ಕೈ ತಾನಾಗಿ ಸೊಂಟದ ಪಟ್ಟಿಗೆ ಹೋಗುತ್ತದೆ;
ತಡಿ, ಇನ್ನೆರಡು ಮನೆ ಇವೆ ಎಂದು ಅದಕ್ಕೆ ಹೇಳಬೇಕು.
ಚೀಟಿಯನ್ನು ಪೆಟ್ಟಿಗೆಯಲ್ಲಿ ಹಿಂದಿಡುವ ಮುನ್ನ
ಕೆ. ವಿ.ಯ ಕೆಳಗೆ, ಪೆನ್ಸಿಲಿನಲ್ಲಿ,
ಸೇರಿಸಿದೆ: ಎಚ್. ಸ್ಕೋಗ್,
ಫೋನಿನಲ್ಲಿ.